ಬೇಲಿಗಿಂತ ಮೊದಲು ಅಳತೆ

ಹೊಲದ ಬದು ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಮುಂಗಾರಿಗೆ ಮುಂಚೆ ಉಳುವಾಗ ಬದುವಿನ ಬುಡಕ್ಕೆ ಒಂದು ಸಾಲು ಹೆಚ್ಚಿಗೆ ಬೀಳುತ್ತದೆ. ಮರುವರ್ಷ ಟ್ರ್ಯಾಕ್ಟರ್ ತಿರುಗುವಾಗ ರೋಟವೇಟರ್ ಇನ್ನೊಂದು ಗೇಣು ತಿನ್ನುತ್ತದೆ. ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ಇಬ್ಬರು ಎದುರುಬದುರು ನಡೆಯಬಹುದಾಗಿದ್ದ ಬದು ಕಾಲಿಡುವಷ್ಟೇ ಉಳಿದಿರುತ್ತದೆ. ಅದರ ತುದಿಯಲ್ಲಿದ್ದ ಬಾಂದು ಕಲ್ಲು ಯಾವ ವರ್ಷ ಉರುಳಿತು, ಯಾರ ಕಡೆಗೆ ಉರುಳಿತು ಎಂದು ಹೇಳಬಲ್ಲ ಹಿರಿಯರು ಆ ಹೊತ್ತಿಗೆ ಇರುವುದಿಲ್ಲ. ಜಗಳ ಹುಟ್ಟುವುದು ಆಗ. ಪೇಟೆಯ ಸೈಟುಗಳಲ್ಲಿ ಇದೇ ಜಗಳ ಪಾಯ ತೆಗೆಯುವ ದಿನ ಹುಟ್ಟುತ್ತದೆ. ದಾರ ಕಟ್ಟಿದ ಮೇಸ್ತ್ರಿಯನ್ನು ನೋಡಿ ಪಕ್ಕದ ಮನೆಯವರು, "ಇದು ನಮ್ಮ ಕಡೆಗೆ ಬಂದಿದೆಯಲ್ಲ?" ಎನ್ನುತ್ತಾರೆ.

ಹದ್ದಿನ ತಕರಾರಿಗೆ ಒಂದು ಕ್ರಮವಿದೆ: ಮೊದಲು ದಾಖಲೆ, ಆಮೇಲೆ ಮಾತು, ಆಮೇಲೆ ಅಳತೆ, ಆಮೇಲೆ ಬರಹ. ಕೋರ್ಟು ಇವೆಲ್ಲದರ ನಂತರ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಮೊದಲು ಬೇಲಿ ಹಾಕುತ್ತೇವೆ, ಆಮೇಲೆ ಬೈದಾಡುತ್ತೇವೆ, ವಕೀಲರನ್ನು ಕಂಡ ಮೇಲೆ ದಾಖಲೆ ಹುಡುಕುತ್ತೇವೆ. ಸರಿಯಾದ ಕ್ರಮ ಹಿಡಿದರೆ ಎಷ್ಟೋ ಜಗಳಗಳು ಅಳತೆಯ ದಿನವೇ ಮುಗಿಯಬಲ್ಲವು.

ಎಷ್ಟು ಜಾಗಕ್ಕೆ ಈ ಜಗಳ?

ಸಿಟ್ಟು ಏರುವ ಮುಂಚೆ ಒಂದು ಲೆಕ್ಕ ಮಾಡಿ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಗುಂಟೆಗೆ 16 ಆಣೆ. ಒಂದು ಆಣೆಗೆ ಸುಮಾರು 68 ಚದರ ಅಡಿ. ಕರಾವಳಿಯವರ ಲೆಕ್ಕದಲ್ಲಿ ಎಕರೆಗೆ 100 ಸೆಂಟ್ಸ್, ಒಂದು ಸೆಂಟ್ಸಿಗೆ 435.6 ಚದರ ಅಡಿ.

ನಿಮ್ಮ ಹೊಲದ ಒಂದು ಮಗ್ಗುಲು 200 ಅಡಿ ಇದೆ, ಪಕ್ಕದವರು ಉದ್ದಕ್ಕೂ ಒಂದಡಿ ಒಳಗೆ ಬಂದಿದ್ದಾರೆ ಎಂದುಕೊಳ್ಳಿ. ಹೋದದ್ದು 200 ಚದರ ಅಡಿ, ಮೂರು ಆಣೆಗೂ ತುಸು ಕಡಿಮೆ. ಅದೇ ಒಂದಡಿ 30–40ರ ಸೈಟಿನ ಉದ್ದದ ಬದಿಯಲ್ಲಿ ಹೋದರೆ 40 ಚದರ ಅಡಿ, ಅಂದರೆ ಇಡೀ ಸೈಟಿನ ಮೂವತ್ತರಲ್ಲಿ ಒಂದು ಪಾಲು. ಅಲ್ಲಿ ಮನೆಯ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಕೂಡ ಕೆಡುತ್ತದೆ. ಹೊಲದಲ್ಲಿ ಬಿಟ್ಟುಕೊಡಬಹುದಾದದ್ದು ಸೈಟಿನಲ್ಲಿ ಬಿಡಲಾಗದ್ದಾಗಬಹುದು. ಎಷ್ಟಕ್ಕೆ ಹೋರಾಡುತ್ತಿದ್ದೇವೆ ಎಂಬುದು ಅಂಕಿಯಲ್ಲಿ ಕಂಡರೆ ಎಷ್ಟು ಖರ್ಚು, ಎಷ್ಟು ವರ್ಷ, ಎಷ್ಟು ಮನಸ್ತಾಪ ಹೊರಬಹುದು ಎಂಬುದೂ ತಿಳಿಯುತ್ತದೆ.

ಮೊದಲು ದಾಖಲೆ

ಪಹಣಿ ಕೈಯಲ್ಲಿದ್ದರೆ ಹದ್ದು ಗೊತ್ತಾಯಿತು ಎಂದು ಅನೇಕರು ನಂಬಿದ್ದಾರೆ. ಪಹಣಿ ಹೇಳುವುದು ಯಾರ ಹೆಸರಿನಲ್ಲಿ ಎಷ್ಟು ವಿಸ್ತೀರ್ಣ ಇದೆ ಎಂದು ಮಾತ್ರ. ಆ ವಿಸ್ತೀರ್ಣ ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಪಹಣಿಯಲ್ಲಿಲ್ಲ. ಅದಕ್ಕೆ ಬೇರೆ ಕಾಗದಗಳು ಬೇಕು.

ಟಿಪ್ಪಣಿ: ಸರ್ವೆ ನಂಬರಿನ ಕೈಬರಹದ ಮೂಲ ನಕ್ಷೆ. ಪ್ರತಿ ಬದಿಯ ಅಳತೆ ಇರುವುದು ಇದರಲ್ಲಿ. ಹದ್ದಿನ ವಿಚಾರದಲ್ಲಿ ಇದೇ ಬೆನ್ನೆಲುಬು.

ಆಕಾರ್‌ಬಂದ್: ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಸಾಗುವಳಿಗೆ ಎಷ್ಟು, ಕಂದಾಯ ಎಷ್ಟು ಎಂಬ ವಿವರ. ಪಹಣಿಯ ವಿಸ್ತೀರ್ಣ ಇದರೊಂದಿಗೆ ತಾಳೆಯಾಗಬೇಕು. ಆಗದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಗ್ರಾಮ ನಕ್ಷೆ: ಪಕ್ಕದ ಸರ್ವೆ ನಂಬರುಗಳು, ಹಳ್ಳ, ಕೆರೆ, ಬಂಡಿದಾರಿ ಎಲ್ಲಿವೆ ಎಂದು ತೋರಿಸುತ್ತದೆ. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಜಾಗ ಬಿ ಖರಾಬು ಎಂದು ದಾಖಲಾಗಿರುತ್ತದೆ. ಅದು ನಿಮ್ಮದೂ ಅಲ್ಲ, ಪಕ್ಕದವರದೂ ಅಲ್ಲ.

ಕ್ರಯಪತ್ರದ ಚಕ್ಕುಬಂದಿ: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ದಾರಿ ಎಂಬ ನಾಲ್ಕು ದಿಕ್ಕಿನ ವಿವರ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ಹೊಂದಾಣಿಕೆ ಇಲ್ಲದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ. ಹಾಗಾಗಿ ನಿಮ್ಮ ಪತ್ರದ ಜೊತೆಗೆ, ನಿಮಗೆ ಮಾರಿದವರ ಹಳೆಯ ಪತ್ರವನ್ನೂ ಓದಿ.

ಒಂದೇ ಪಹಣಿಯಲ್ಲಿ ಮೂರ್ನಾಲ್ಕು ಹೆಸರುಗಳಿದ್ದು ಪೋಡಿ (ಪಾಲುಗಳ ಅಳತೆ, ವಿಂಗಡಣೆ) ಆಗಿರದಿದ್ದರೆ ಸಮಸ್ಯೆ ಬೇರೆಯೇ. ಅಂಥ ಜಮೀನಿನಲ್ಲಿ ಸರ್ವೆ ನಂಬರಿನ ಹೊರಗಿನ ಹದ್ದಿಗೆ ದಾಖಲೆ ಇದೆ. ಒಳಗೆ ಅಣ್ಣನ ಪಾಲು ಎಲ್ಲಿ ಮುಗಿದು ತಮ್ಮನದು ಎಲ್ಲಿ ಶುರು ಎಂಬುದಕ್ಕೆ ಸರ್ಕಾರದ ಬಳಿ ನಕ್ಷೆಯೇ ಇಲ್ಲ. ಅಲ್ಲಿ ಒಳಹದ್ದಿನ ಜಗಳವನ್ನು ಬರಿಯ ಅಳತೆ ಬಿಡಿಸಲಾರದು. ಮೊದಲು ಪೋಡಿ ಮಾಡಿಸಿ ಪ್ರತ್ಯೇಕ ಹಿಸ್ಸಾ ನಂಬರ್ ಪಡೆಯಬೇಕು.

ಊರೊಳಗಿನ ಮನೆ, ಹಿತ್ತಲುಗಳಿಗೆ ಟಿಪ್ಪಣಿ ಇರುವುದಿಲ್ಲ. ಅಲ್ಲಿ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಹಳೆಯ ಪತ್ರಗಳು ಆಧಾರ. 2020ರಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಪ್ರದೇಶಗಳನ್ನು ಡ್ರೋನ್ ಮೂಲಕ ಅಳೆದು ಆಸ್ತಿ ಕಾರ್ಡ್ ಕೊಡಲಾಗುತ್ತಿದೆ. ನಿಮ್ಮ ಊರಿಗೆ ಅಳತೆಯವರು ಬಂದು ಸುಣ್ಣದ ಗೆರೆ ಹಾಕುವ ದಿನ ಮನೆಯಲ್ಲಿರಿ. ಗೆರೆ ತಪ್ಪಾಗಿದ್ದರೆ ಕರಡು ಹಂತದಲ್ಲೇ ಆಕ್ಷೇಪಣೆ ಕೊಡಿ.

ಮೊಬೈಲಿನ ದಿಶಾಂಕ್ ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ನಿಂತ ಜಾಗ ಯಾವ ಸರ್ವೆ ನಂಬರು ಎಂದು ತಿಳಿಯಲು ಅದು ಬಹಳ ಉಪಯುಕ್ತ. ಆದರೆ ಫೋನಿನ ಜಿಪಿಎಸ್ ಹಲವು ಅಡಿಗಳಷ್ಟು ಆಚೀಚೆ ತೋರಿಸುತ್ತದೆ. ಅದನ್ನು ಹಿಡಿದು ಒಂದಡಿಯ ತಕರಾರು ತೀರ್ಮಾನಿಸಲು ಹೋಗಬೇಡಿ.

ಆಮೇಲೆ ಮಾತು

ಕಾಗದ ಓದಿದ ಮೇಲೆ ಪಕ್ಕದವರ ಬಳಿ ಹೋಗಿ. ಒಬ್ಬರೇ ಹೋಗಿ, ಬೆಳಿಗ್ಗೆ ಹೋಗಿ. "ನೀವು ಒತ್ತುವರಿ ಮಾಡಿದ್ದೀರಿ" ಎಂದು ಶುರುಮಾಡಿದರೆ ಅಲ್ಲಿಗೆ ಮಾತು ಮುಗಿಯಿತು. "ನಾನು ಬೇಲಿ ಹಾಕಬೇಕೆಂದಿದ್ದೇನೆ. ನಡುವಿನ ಕಲ್ಲು ಕಾಣುತ್ತಿಲ್ಲ. ಇಬ್ಬರೂ ಸೇರಿ ಅಳೆಸೋಣವೇ?" ಎಂದು ಕೇಳಿ. ಈ ಮಾತಿನಲ್ಲಿ ಆರೋಪವಿಲ್ಲ, ಸೋಲೂ ಇಲ್ಲ. ಅವರ ಬಳಿ ಇರುವ ಪತ್ರವನ್ನೂ ನೋಡಲು ಕೇಳಿ, ನಿಮ್ಮದನ್ನು ತೋರಿಸಿ. ತಪ್ಪು ಮಾಡಿದ್ದು ಇಬ್ಬರೂ ಅಲ್ಲ, ಹಿಂದಿನ ಮಾಲೀಕರು ಎಂಬುದು ಕೆಲವೊಮ್ಮೆ ಅಲ್ಲೇ ತಿಳಿಯುತ್ತದೆ.

ಜೊತೆಯಾಗಿ ಹದ್ದಿನ ಉದ್ದಕ್ಕೂ ನಡೆಯುವುದು ಇನ್ನೂ ಒಳ್ಳೆಯದು. ಕತ್ತಾಳೆ ಸಾಲು, ಹಳೆಯ ಕಳ್ಳಿ ಬೇಲಿಯ ಬುಡ, ಅಗಳದ ಗುರುತು, ಬದುವಿನ ಮೇಲಿನ ದೊಡ್ಡ ಬೇವು ಅಥವಾ ಹೊಂಗೆ, ಮಣ್ಣಲ್ಲಿ ಅರ್ಧ ಹೂತ ಕಲ್ಲು ಇವೆಲ್ಲ ಸಾಕ್ಷಿಗಳು. ಅವುಗಳ ಫೋಟೊ ತೆಗೆದಿಡಿ. ಕಿತ್ತು ಹಾಕಿದ ಮೇಲೆ ಅವು ಸಿಗುವುದಿಲ್ಲ.

ಅಳತೆ: ಹದ್ದುಬಸ್ತು

ಸರ್ವೆ ಇಲಾಖೆಯ ಭೂಮಾಪಕರಿಂದ ಅಧಿಕೃತವಾಗಿ ಹದ್ದು ಗುರುತಿಸಿಕೊಳ್ಳುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಪಹಣಿಯಲ್ಲಿ ಹೆಸರಿರುವವರು ನಾಡಕಚೇರಿಯಲ್ಲಿ ಅಥವಾ ಮೋಜಿಣಿ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಬೇಕು. ಪಕ್ಕದ ಜಮೀನುಗಳ ಸರ್ವೆ ನಂಬರು, ಮಾಲೀಕರ ಹೆಸರು, ವಿಳಾಸ ಸರಿಯಾಗಿ ಬರೆಯಿರಿ. ನೋಟಿಸ್ ಹೋಗುವುದು ಆ ವಿಳಾಸಕ್ಕೆ. ತಪ್ಪಿದ್ದರೆ ಮುಂದೆ ಅವರು "ನಮಗೆ ತಿಳಿಸಲೇ ಇಲ್ಲ" ಎಂದು ಇಡೀ ಅಳತೆಯನ್ನೇ ಪ್ರಶ್ನಿಸಬಹುದು. ಪಹಣಿಯ ಮಾಲೀಕರು ತೀರಿಹೋಗಿದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರದಿದ್ದರೆ ಅದನ್ನು ಮೊದಲು ಮುಗಿಸಿ.

ಕಾಲ ನೋಡಿ ಅರ್ಜಿ ಹಾಕಿ. ತೊಗರಿ, ಜೋಳ ಎದೆಯೆತ್ತರ ನಿಂತಿರುವಾಗ ಸರಪಳಿ ಎಳೆಯಲಾಗುವುದಿಲ್ಲ, ಕಲ್ಲೂ ಕಾಣುವುದಿಲ್ಲ. ಸುಗ್ಗಿ ಮುಗಿದು ಹೊಲ ಬಯಲಾಗಿರುವ ಬೇಸಿಗೆಯೇ ತಕ್ಕ ಕಾಲ. ಸರದಿ ಬರಲು ಸಮಯ ಹಿಡಿಯುವುದರಿಂದ ಕೊಯ್ಲಿಗೆ ಮುಂಚೆಯೇ ಅರ್ಜಿ ಕೊಟ್ಟಿರಿ.

ಅಳತೆಯ ದಿನ ನೀವು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಒಂದು, ಅಳತೆ ನಿಮ್ಮ ಹೊಲದಿಂದಲೇ ಶುರುವಾಗಬೇಕೆಂದಿಲ್ಲ. ಅಲುಗದ ಹಳೆಯ ಕಲ್ಲು ಎಲ್ಲಿದೆಯೋ ಅಲ್ಲಿಂದ ಅಳೆಯುತ್ತ ಬರಬೇಕು. ಅದು ಎರಡು ಹೊಲ ಆಚೆಗಿರಬಹುದು. ಸೈಟುಗಳಲ್ಲೂ ಹೀಗೆಯೇ. ಸಾಲಿನ ಮೊದಲ ಮನೆಯವರು ಒಂದಡಿ ಸರಿದು ಕಟ್ಟಿದರೆ ಮುಂದಿನ ಎಲ್ಲ ಮನೆಗಳೂ ಒಂದಡಿ ಸರಿಯುತ್ತ ಹೋಗುತ್ತವೆ. ಕೊನೆಯ ಸೈಟಿನವರಿಗೆ ಜಾಗ ಕಡಿಮೆ ಬೀಳುತ್ತದೆ. ಪಕ್ಕದ ಗೋಡೆಯಿಂದ ಟೇಪು ಹಿಡಿಯದೆ ಒಂದು ಅಡ್ಡರಸ್ತೆಯಿಂದ ಇನ್ನೊಂದು ಅಡ್ಡರಸ್ತೆಯವರೆಗೆ ಇಡೀ ಸಾಲನ್ನು ಅಳೆದು, ಮಂಜೂರಾದ ಬಡಾವಣೆ ನಕ್ಷೆಯೊಂದಿಗೆ ಹೋಲಿಸಿ.

ಎರಡು, ಹಳೆಯ ಅಳತೆಗೂ ಮಿತಿಯಿದೆ. ಮೈಸೂರು, ಮುಂಬೈ ಪ್ರಾಂತಗಳ ಹಳೆಯ ಸರ್ವೆಯಲ್ಲಿ ಬಳಸಿದ್ದು 33 ಅಡಿಯ ಸರಪಳಿ; ಅದಕ್ಕೂ 16 ಆಣೆ. ಹಾಗಾಗಿ ಟಿಪ್ಪಣಿಯ ಒಂದು ಆಣೆ ಎಂದರೆ ಎರಡು ಅಡಿಗೂ ತುಸು ಹೆಚ್ಚು. ಆಣೆ ಲೆಕ್ಕದಲ್ಲಿ ಬರೆದ ನಕ್ಷೆಯಿಂದ ಅಂಗುಲದ ಜಗಳ ಬಗೆಹರಿಸಬೇಕೆಂದು ಭೂಮಾಪಕರನ್ನು ಒತ್ತಾಯಿಸಿದರೆ ಫಲವಿಲ್ಲ. ತಕರಾರು ಒಂದಡಿಯೊಳಗಿನದಾದರೆ ಇಬ್ಬರ ಒಪ್ಪಿಗೆಗಿಂತ ನಿಖರವಾದ ಅಳತೆ ಇನ್ನೊಂದಿಲ್ಲ.

ಮೂರು, ಭೂಮಾಪಕರು ಹದ್ದು ಗುರುತಿಸಿ ಕೊಡುತ್ತಾರೆ. ಒತ್ತುವರಿ ಬಿಡಿಸಿ ಕೊಡುವ ಅಧಿಕಾರ ಅವರಿಗಿಲ್ಲ. ಪಕ್ಕದವರು ಒಪ್ಪದಿದ್ದರೂ ಅವರ ಹೇಳಿಕೆ, ಪಂಚರ ಸಹಿ, ನಕ್ಷೆ ಎಲ್ಲವೂ ಕಡತದಲ್ಲಿ ಸೇರಲಿ. ನೋಟಿಸ್ ತಲುಪಿಯೂ ಅವರು ಬಾರದಿದ್ದರೆ ಅದೂ ದಾಖಲಾಗಲಿ. ಕೆಲಸ ಮುಗಿದ ಮೇಲೆ ನಕ್ಷೆಯ ನಕಲು ತೆಗೆದುಕೊಳ್ಳಿ. ಅಳತೆ ತಪ್ಪಾಗಿದೆ ಎನ್ನಿಸಿದವರು ಸರ್ವೆ ಇಲಾಖೆಯ ಮೇಲಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ಗುರುತು ಹಾಕಿದ ಜಾಗದಲ್ಲಿ ಕಲ್ಲು ನೆಡುವುದನ್ನು ನಾಳೆಗೆ ಬಿಡಬೇಡಿ. ಗೂಟ ಒಂದೇ ರಾತ್ರಿಯಲ್ಲಿ ಕಾಣೆಯಾಗಬಹುದು. ಎರಡು ಅಡಿ ಆಳಕ್ಕೆ ಕಲ್ಲು ನೆಟ್ಟು, ಅದರ ಬುಡಕ್ಕೆ ಇದ್ದಿಲು ಅಥವಾ ಹೆಂಚಿನ ಚೂರು ಹಾಕಿ. ಮೇಲಿನ ಕಲ್ಲು ಕಿತ್ತರೂ ಕೆಳಗಿನ ಗುರುತು ಉಳಿಯುತ್ತದೆ. ಸರ್ಕಾರಿ ಅಧಿಕಾರಿ ನಿಲ್ಲಿಸಿದ ಹದ್ದಿನ ಗುರುತನ್ನು ಕೀಳುವುದು, ಸರಿಸುವುದು ಭಾರತೀಯ ನ್ಯಾಯ ಸಂಹಿತೆಯಡಿ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ.

ಒಪ್ಪಿದ್ದು ಬರಹದಲ್ಲಿರಲಿ

ಬಾಯಿಮಾತಿನ ಒಪ್ಪಂದ ಒಪ್ಪಿದವರು ಬದುಕಿರುವಷ್ಟು ದಿನ ಮಾತ್ರ. ಮಕ್ಕಳ ಕಾಲಕ್ಕೆ ಅದು ಉಳಿಯಬೇಕಾದರೆ ಕಾಗದ ಬೇಕು. ಇಲ್ಲಿ ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡಿ.

ಇರುವ ಹದ್ದನ್ನೇ ಇಬ್ಬರೂ ಒಪ್ಪಿದರೆ, ಅಳತೆಯ ನಕ್ಷೆ ಲಗತ್ತಿಸಿ ಒಂದು ಒಪ್ಪಿಗೆ ಪತ್ರ ಬರೆದು, ಎರಡೂ ಮನೆಯ ವಾರಸುದಾರರ ಮತ್ತು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಬೇಲಿಯ ಖರ್ಚು ಯಾರದು, ದುರಸ್ತಿ ಯಾರದು, ಬದುವಿನ ಮೇಲಿನ ಮರದ ಫಲ ಯಾರಿಗೆ ಎಂಬುದನ್ನೂ ಸೇರಿಸಿ.

ಹದ್ದು ನೇರ ಮಾಡಿಕೊಳ್ಳಲು ತುಂಡು ಜಾಗ ಅದಲುಬದಲು ಮಾಡಿಕೊಳ್ಳುವುದಾದರೆ ಒಪ್ಪಿಗೆ ಪತ್ರ ಸಾಲದು. ಅದು ಜಮೀನಿನ ಹಕ್ಕು ವರ್ಗಾವಣೆ, ನೋಂದಣಿ ಆಗಲೇಬೇಕು. ಕೃಷಿ ಜಮೀನಿನ ಒಂದು ಭಾಗವನ್ನಷ್ಟೇ ಕೊಡುವಾಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯೂ ಬೇಕು.

ಪಕ್ಕದವರು ನಿಮ್ಮ ಜಾಗವನ್ನು ಸದ್ಯಕ್ಕೆ ಬಳಸಿಕೊಳ್ಳುತ್ತೇವೆ ಎಂದು ಕೇಳಿದರೆ ಕೊಡಿ, ಆದರೆ ಬರೆಸಿಕೊಂಡು ಕೊಡಿ. ಒಕ್ಕಣೆ ಒಂದೆರಡು ಸಾಲಿನದಾದರೂ ಸಾಕು: "ನಿಮ್ಮ ಜಮೀನಿನ ಪಶ್ಚಿಮದ ಅಂಚಿನಲ್ಲಿ ಮೂರು ಅಡಿ ಜಾಗವನ್ನು ನಿಮ್ಮ ಅನುಮತಿಯಿಂದ ಪೈಪು ಹಾಕಲು ಬಳಸುತ್ತಿದ್ದೇನೆ. ಜಾಗ ನಿಮ್ಮದು. ನೀವು ಕೇಳಿದಾಗ ತೆರವು ಮಾಡುತ್ತೇನೆ." ಅನುಮತಿ ಪಡೆದು ಬಳಸಿದ ಜಾಗ ಎಷ್ಟು ವರ್ಷ ಕಳೆದರೂ ತಾನಾಗಿ ಅವರದಾಗುವುದಿಲ್ಲ.

ಹನ್ನೆರಡು ವರ್ಷದ ಮಾತು

"ಹನ್ನೆರಡು ವರ್ಷ ಉತ್ತಿದ್ದೇನೆ, ಇನ್ನು ಇದು ನನ್ನದೇ" ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಅರ್ಧ ಸತ್ಯ ಇದು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಖಾಸಗಿ ಜಮೀನಿನ ಮಾಲೀಕರು ತಮ್ಮ ಸ್ವಾಧೀನ ಮರಳಿ ಪಡೆಯಲು 12 ವರ್ಷದೊಳಗೆ ದಾವೆ ಹೂಡಬೇಕು. ಸರ್ಕಾರಕ್ಕೆ ಈ ಅವಧಿ 30 ವರ್ಷ. ಆದರೆ ಸುಮ್ಮನೆ ಉತ್ತಿದ್ದರೆ ಸಾಲದು. ಮಾಲೀಕರ ಹಕ್ಕನ್ನು ಅಲ್ಲಗಳೆದು, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದ್ದನ್ನು ಉತ್ತವರೇ ಸಾಬೀತುಪಡಿಸಬೇಕು. ಅದು ಸುಲಭದ ಕೆಲಸವಲ್ಲ.

ಹಾಗೆಂದು ಮಾಲೀಕರು ನಿರಾಳವಾಗಿರುವಂತಿಲ್ಲ. ಬರಿಯ ನೋಟಿಸ್ ಕೊಟ್ಟರೆ ಆ ಹನ್ನೆರಡು ವರ್ಷದ ಲೆಕ್ಕ ನಿಲ್ಲುವುದಿಲ್ಲ, ದಾವೆಯೇ ಬೇಕು. ಊರಲ್ಲಿ ಜಮೀನು ಬಿಟ್ಟು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವವರು ವರ್ಷಕ್ಕೊಮ್ಮೆಯಾದರೂ ಹೊಲದ ಸುತ್ತ ನಡೆದು, ಕಲ್ಲುಗಳ ಫೋಟೊ ತೆಗೆದು, ಪಹಣಿಯ ಹೊಸ ಪ್ರತಿ ನೋಡಬೇಕು.

ಗೋಡೆ, ಮರ, ನೀರು

ಕಾಂಪೌಂಡ್ ಗೋಡೆ ಕಟ್ಟುವಾಗ ಮೇಲಿನ ಗೋಡೆಗಿಂತ ಕೆಳಗಿನ ಪಾಯ ಅಗಲ ಎಂಬುದನ್ನು ಮರೆಯುತ್ತೇವೆ. ಆರು ಇಂಚಿನ ಬ್ಲಾಕ್ ಗೋಡೆಯನ್ನು ಹದ್ದಿನ ಗೆರೆಗೆ ಸರಿಯಾಗಿ ಕಟ್ಟಿ, ಎರಡು ಅಡಿ ಅಗಲದ ಸೈಜುಗಲ್ಲಿನ ಪಾಯವನ್ನು ಅದರ ನಡುವಿಗೆ ಹಾಕಿದರೆ ಒಂಬತ್ತು ಇಂಚು ಪಾಯ ಪಕ್ಕದವರ ನೆಲದೊಳಗೆ ಹೋಗಿರುತ್ತದೆ. ಇಡೀ ಗೋಡೆ ನಿಮ್ಮದೇ ಆದರೆ ಪಾಯವೂ ನಿಮ್ಮ ಜಾಗದಲ್ಲೇ ಇರಬೇಕು. ಜಂಟಿ ಗೋಡೆಯಾದರೆ ಹದ್ದಿನ ಮೇಲೆ ಕಟ್ಟಿ, ಖರ್ಚು ಮತ್ತು ಹಕ್ಕನ್ನು ಮೊದಲೇ ಬರೆದುಕೊಳ್ಳಿ. ಪಕ್ಕದವರು ಸೆಟ್‌ಬ್ಯಾಕ್ ಬಿಡದೆ ಕಟ್ಟುತ್ತಿದ್ದರೆ ನಗರಸಭೆ ಅಥವಾ ಪಾಲಿಕೆಗೆ ದೂರು ಕೊಡಬಹುದು. ಆದರೆ ಜಾಗ ಯಾರದು ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು.

ಪಕ್ಕದವರ ಮರದ ಕೊಂಬೆ ನಿಮ್ಮ ಕಡೆ ಬಾಗಿದ್ದರೆ ಮೊದಲು ಅವರಿಗೇ ಹೇಳಿ ಕಡಿಸಿ. ಮರವನ್ನೇ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬಹುತೇಕ ಜಾತಿಯ ಮರಗಳಿಗೆ ಅನುಮತಿ ಬೇಕು. ಮೇಲಿನ ಹೊಲದ ಮಳೆನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುವುದನ್ನು ಕೆಳಗಿನವರು ಒಡ್ಡು ಹಾಕಿ ಹಿಂದಕ್ಕೆ ತಳ್ಳಬಾರದು. ಮೇಲಿನವರು ಕಾಲುವೆ ತೋಡಿ ಎಲ್ಲ ನೀರನ್ನೂ ಒಂದೇ ಕಡೆ ನುಗ್ಗಿಸಬಾರದು. ಕಾಲುದಾರಿಯನ್ನು 20 ವರ್ಷ ಹಕ್ಕೆಂದೇ, ಬಹಿರಂಗವಾಗಿ, ಅಡ್ಡಿಯಿಲ್ಲದೆ ಬಳಸಿದ್ದರೆ ಅದು ಅನುಭೋಗದ ಹಕ್ಕಾಗಬಹುದು. ದಾರಿಗೆ ಬೇಲಿ ಹಾಕುವ ಮುನ್ನ ಇದನ್ನು ಯೋಚಿಸಿ.

ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವುದು ಕೊಲೆಗೆ ಸಮಾನ. ಹಂದಿಗೆಂದು ಎಳೆದ ತಂತಿಗೆ ಪಕ್ಕದ ಮನೆಯ ಮಗು, ದನ, ಆನೆ, ಕೊನೆಗೆ ಎಳೆದವರೇ ಬಲಿಯಾಗಬಹುದು. ಕಾಡುಪ್ರಾಣಿಯ ಕಾಟವಿದ್ದರೆ ಬಿಟ್ಟುಬಿಟ್ಟು ಸಣ್ಣ ಹೊಡೆತ ಕೊಡುವ, ಪ್ರಮಾಣಿತ ಸೋಲಾರ್ ಬೇಲಿ ಹಾಕಿಸಿ.

ಮಾತು ಮುರಿದಾಗ

ಪಕ್ಕದವರು ಅಳತೆಯನ್ನೂ ಒಪ್ಪದೆ, ಬೇಲಿಯನ್ನೂ ತೆಗೆಯದೆ ಹೋದರೆ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಏನು ಕೇಳಬೇಕು ಎಂಬುದನ್ನು ವಕೀಲರೊಂದಿಗೆ ಕೂತು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಜಾಗ ನಿಮ್ಮ ಸ್ವಾಧೀನದಲ್ಲೇ ಇದ್ದು ಅವರು ತೊಂದರೆ ಕೊಡುತ್ತಿದ್ದರೆ ನಿರ್ಬಂಧಕಾಜ್ಞೆ ಸಾಕು. ನಿಮ್ಮ ಹಕ್ಕನ್ನೇ ಅವರು ಗಂಭೀರವಾಗಿ ಪ್ರಶ್ನಿಸಿದ್ದರೆ ಹಕ್ಕು ಘೋಷಣೆಯನ್ನೂ, ಜಾಗ ಕೈತಪ್ಪಿದ್ದರೆ ಸ್ವಾಧೀನವನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ವಿವರಿಸಿದೆ. ತಪ್ಪು ಪರಿಹಾರ ಕೇಳಿ ವರ್ಷಗಟ್ಟಲೆ ಅಲೆದ ಮೇಲೆ ದಾವೆ ಬಿದ್ದುಹೋದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ನಿಮ್ಮನ್ನು ಬಲವಂತವಾಗಿ ಜಾಗದಿಂದ ಹೊರಹಾಕಿದ್ದರೆ ತಡಮಾಡಬೇಡಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿದರೆ, ಹಕ್ಕಿನ ಪ್ರಶ್ನೆಗೆ ಹೋಗದೆ ಕೋರ್ಟು ಸ್ವಾಧೀನ ಮರಳಿ ಕೊಡಿಸಬಹುದು. ಪಕ್ಕದವರು ಏಕಪಕ್ಷೀಯ ಆದೇಶ ತರಬಹುದೆಂಬ ಅನುಮಾನವಿದ್ದರೆ, ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಕೇವಿಯಟ್ ಹಾಕಿ. ಅದು 90 ದಿನ ಚಾಲ್ತಿಯಲ್ಲಿರುತ್ತದೆ. ಅಳತೆಯ ವಿಷಯದಲ್ಲಿ ಸ್ಥಳ ಪರಿಶೀಲನೆಗೆ ಕಮಿಷನರ್ ನೇಮಿಸುವಂತೆ ಕೋರ್ಟನ್ನು ಕೇಳಬಹುದು. ಪೊಲೀಸರು ಹದ್ದು ತೀರ್ಮಾನಿಸುವವರಲ್ಲ, ಆದರೆ ಬೆದರಿಕೆ, ಹಲ್ಲೆ ನಡೆದರೆ ದೂರು ಕೊಡಲೇಬೇಕು.

ದಾವೆ ಹೂಡಿದ ಮೇಲೂ ರಾಜಿಯ ಬಾಗಿಲು ಮುಚ್ಚಿರುವುದಿಲ್ಲ. ಮಧ್ಯಸ್ಥಿಕೆ ಕೇಂದ್ರಕ್ಕೆ, ಲೋಕ ಅದಾಲತ್‌ಗೆ ಪ್ರಕರಣ ಕಳಿಸುವಂತೆ ಕೇಳಿ. ಲೋಕ ಅದಾಲತ್‌ನ ಆದೇಶಕ್ಕೆ ಡಿಕ್ರಿಯ ಬಲವಿದೆ. ಅದರ ಮೇಲೆ ಮೇಲ್ಮನವಿ ಇಲ್ಲದ್ದರಿಂದ ವ್ಯಾಜ್ಯ ಅಲ್ಲಿಗೆ ಮುಗಿಯುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಸಹಾಯವಾಣಿ 15100.

ಕೋರ್ಟಿನಲ್ಲಿ ಗೆದ್ದರೂ ಸೋತರೂ ಮರುದಿನ ಬೆಳಿಗ್ಗೆ ಅದೇ ಬದುವಿನ ಆಚೆ ಅದೇ ಮನೆಯವರು ಇರುತ್ತಾರೆ. ನಡುರಾತ್ರಿ ಹಾವು ಕಚ್ಚಿದಾಗ, ಬಣವೆಗೆ ಬೆಂಕಿ ಬಿದ್ದಾಗ ಮೊದಲು ಓಡಿ ಬರಬೇಕಾದವರೂ ಅವರೇ. ಆದ್ದರಿಂದ ಈ ಸುಗ್ಗಿಗೆ ಮುಂಚೆಯೇ ಮೂರು ಕೆಲಸ ಮಾಡಿ. ಟಿಪ್ಪಣಿಯ ನಕಲು ತನ್ನಿ. ಪಕ್ಕದವರನ್ನು ಕರೆದು ಹದ್ದಿನ ಉದ್ದಕ್ಕೂ ಒಮ್ಮೆ ನಡೆಯಿರಿ. ಉರುಳಿದ ಕಲ್ಲು ಕಂಡರೆ ಅಲ್ಲೇ ಬಿಟ್ಟು, ಹದ್ದುಬಸ್ತಿನ ಅರ್ಜಿಗೆ ಇಬ್ಬರೂ ಸೇರಿ ಶುಲ್ಕ ಕಟ್ಟಿ. ಕಲ್ಲು ನೆಡುವ ದಿನ ಎರಡೂ ಮನೆಯ ಮಕ್ಕಳು ಅಲ್ಲಿ ನಿಂತು ನೋಡಲಿ. ಮುಂದಿನ ಐವತ್ತು ವರ್ಷ ಆ ಹದ್ದಿಗೆ ಸಾಕ್ಷಿ ಹೇಳುವವರು ಅವರೇ.